ಸೊಪ್ಪಿನ ಮಡಿಗೆ ಸುಣ್ಣ ಮೊದಲು, ಗೊಬ್ಬರ ಆಮೇಲೆ: ಕೊಡಗಿನ ಹಿತ್ತಿಲಲ್ಲಿ ಭಾರ ಲೋಹ ತಡೆಯುವ ಬಗೆ

ಸಾವಯವವಾಗಿ ಬೆಳೆದ ಸೊಪ್ಪಿನಲ್ಲಿ ಕ್ಯಾಡ್ಮಿಯಂ, ಸೀಸದಂಥ ಭಾರ ಲೋಹ ಇರುವುದಿಲ್ಲ, ಹೈಡ್ರೋಪೋನಿಕ್ಸ್‌ನಲ್ಲಿ ಮಣ್ಣೇ ಇಲ್ಲದೆ ನೀರಿನಲ್ಲೇ ಬೆಳೆಸುವುದರಿಂದ ಅಲ್ಲಂತೂ ಇರುವುದೇ ಇಲ್ಲ. ಹೀಗೆ ನಂಬಿ ಸೊಪ್ಪು ಬೆಳೆಯುವವರೂ ಕೊಳ್ಳುವವರೂ ಬಹಳ ಮಂದಿ. ನಿಜ ಏನೆಂದರೆ, ಕ್ಯಾಡ್ಮಿಯಂ ಕಾಂಪೋಸ್ಟ್ ಜೊತೆಗೂ ಬರಬಹುದು, ನೀರಿನಲ್ಲಿ ಕರಗಿಸುವ ಗೊಬ್ಬರದ ಜೊತೆಗೂ ಬರಬಹುದು. ಪದ್ಧತಿಗೆ ಯಾವ ಹೆಸರಿದೆ ಎನ್ನುವುದಕ್ಕಿಂತ ಮಡಿಗೆ ಏನು ಸುರಿಯುತ್ತೀರಿ, ಯಾವ ನೀರು ಕೊಡುತ್ತೀರಿ, ಮಣ್ಣು ಎಷ್ಟು ಹುಳಿಯಾಗಿದೆ ಎಂಬ ಮೂರು ವಿಷಯ ನೋಡಬೇಕು. ಕೊಡಗಿನ ಮಟ್ಟಿಗೆ ಮೂರನೆಯದೇ ದೊಡ್ಡದು. ಇಲ್ಲಿಯ ಮಳೆ ಮಣ್ಣಿನ ಸುಣ್ಣದಂಶವನ್ನು ವರ್ಷಾ ವರ್ಷ ತೊಳೆದುಕೊಂಡು ಹೋಗುತ್ತದೆ. ರಸಸಾರ, ಅಂದರೆ ಪಿಎಚ್, 5ರಿಂದ 6ರ ನಡುವೆ ಇರುವ ಜಮೀನು ಇಲ್ಲಿ ಸಾಮಾನ್ಯ; ಈ ಅಂಕಿ 7ಕ್ಕಿಂತ ಇಳಿದಷ್ಟೂ ಹುಳಿ ಹೆಚ್ಚು. ಒಂದೇ ಪ್ರಮಾಣದ ಕ್ಯಾಡ್ಮಿಯಂ ಇರುವ ಎರಡು ಮಣ್ಣಿನಲ್ಲಿ, ಹುಳಿ ಹೆಚ್ಚಿರುವ ಮಣ್ಣಿನ ಪಾಲಕ್ ಹೆಚ್ಚು ಹೀರುತ್ತದೆ.

ಯಾವ ಲೋಹ, ಯಾವ ದಾರಿ

ಮೊದಲು ಇದು ತಿಳಿದಿರಬೇಕು. ಯಾಕೆಂದರೆ ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ಉಪಯೋಗಕ್ಕೆ ಬಾರದು.

ಸೀಸ ಬೇರಿನಲ್ಲೇ ಬಹುಪಾಲು ನಿಂತುಬಿಡುತ್ತದೆ, ಮೇಲಕ್ಕೆ ಹತ್ತುವುದು ಕಡಿಮೆ. ಸೊಪ್ಪಿನ ಸೀಸ ಹೆಚ್ಚಾಗಿ ಎಲೆಯ ಮೇಲೆ ಕೂತ ರಸ್ತೆ ದೂಳು ಅಥವಾ ಮಳೆ ಹೊಡೆತಕ್ಕೆ ಸಿಡಿದ ಮಣ್ಣು. ಹಾಗಾಗಿ ತೊಳೆದರೆ ಒಳ್ಳೆಯ ಪಾಲು ಹೋಗುತ್ತದೆ. ಕ್ಯಾಡ್ಮಿಯಂ ಇದಕ್ಕೆ ತದ್ವಿರುದ್ಧ. ಸತುವನ್ನು ಹೀರುವ ದಾರಿಯಲ್ಲೇ ಅದೂ ಬೇರಿನೊಳಗೆ ನುಗ್ಗಿ ಎಲೆಗೆ ಏರುತ್ತದೆ. ಎಷ್ಟು ತೊಳೆದರೂ ಹೋಗುವುದಿಲ್ಲ, ಗಿಡ ಮಾತ್ರ ಹಸಿರಾಗಿ ಚೆನ್ನಾಗಿಯೇ ಕಾಣುತ್ತಿರುತ್ತದೆ. ತಾಮ್ರ ಹೆಚ್ಚಾದರೆ ಮೊದಲು ಬೇರೇ ಸುಟ್ಟು ಗಿಡ ಕುಂಠಿತವಾಗುತ್ತದೆ. ಮನುಷ್ಯನಿಗೆ ಅಪಾಯ ಆಗುವಷ್ಟು ತಾಮ್ರ ಎಲೆಗೆ ಏರುವ ಮೊದಲೇ ಗಿಡ ಸೋಲುತ್ತದೆ. ಆದರೆ ಎಲೆಯ ಮೇಲೆಯೇ ಬಿದ್ದ ಮೈಲುತುತ್ತದ (ತಾಮ್ರದ ಸಲ್ಫೇಟ್) ಲೆಕ್ಕ ಬೇರೆ. ಆರ್ಸೆನಿಕ್ ನೀರು ನಿಂತ ಗದ್ದೆಯಲ್ಲಿ ಕರಗಿ ಓಡಾಡುತ್ತದೆ, ಒಣ ಮಣ್ಣಿನಲ್ಲಿ ಕಬ್ಬಿಣದ ಜೊತೆ ಅಂಟಿ ಸುಮ್ಮನಿರುತ್ತದೆ.

ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಸೊಪ್ಪು ತರಕಾರಿಯ ಒಂದು ಕೆಜಿ ಹಸಿ ತೂಕದಲ್ಲಿ ಕ್ಯಾಡ್ಮಿಯಂ 0.2 ಮಿಲಿಗ್ರಾಂ, ಸೀಸ 0.3 ಮಿಲಿಗ್ರಾಂ ಮೀರಬಾರದು. ತಟ್ಟೆಯ ಲೆಕ್ಕದಲ್ಲಿ ಇದೆಷ್ಟು ನೋಡೋಣ. ಕ್ಯಾಡ್ಮಿಯಂಗೆ ಇಟ್ಟಿರುವ ಸಹನೀಯ ಮಿತಿ ತಿಂಗಳಿಗೆ ದೇಹದ ಪ್ರತಿ ಕೆಜಿಗೆ 25 ಮೈಕ್ರೋಗ್ರಾಂ. 60 ಕೆಜಿ ತೂಕದವರಿಗೆ ದಿನಕ್ಕೆ 50 ಮೈಕ್ರೋಗ್ರಾಂ ಆಯಿತು. ಮಿತಿಯ ಅಂಚಿನಲ್ಲಿರುವ ಸೊಪ್ಪನ್ನು ದಿನಾ 100 ಗ್ರಾಂ ತಿಂದರೆ ಅದರಲ್ಲೇ 20 ಮೈಕ್ರೋಗ್ರಾಂ ಬರುತ್ತದೆ, ಅನ್ನದ ಪಾಲು ಬೇರೆ. 15 ಕೆಜಿಯ ಮಗುವಿಗೆ ದಿನದ ಮಿತಿಯೇ 12.5 ಮೈಕ್ರೋಗ್ರಾಂ. 50 ಗ್ರಾಂ ಸೊಪ್ಪು ಅದರಲ್ಲಿ 10 ತಿಂದುಹಾಕುತ್ತದೆ. ಸೀಸಕ್ಕಂತೂ ಇಷ್ಟಾದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ ಎಂದು ಪರಿಣತರು 2010ರಲ್ಲಿ ಹಳೆಯ ಮಿತಿಯನ್ನೇ ಹಿಂತೆಗೆದುಕೊಂಡರು.

ಜಾಗ ನೋಡುವುದು

ಪರೀಕ್ಷೆಗೆ ದುಡ್ಡು ಹಾಕುವ ಮೊದಲು ಹಿತ್ತಿಲನ್ನು ಒಂದು ಸುತ್ತು ಹಾಕಿ. ಮಡಿ ಮಾಡುವ ಜಾಗ ವಾಹನ ಓಡಾಡುವ ರಸ್ತೆಯಿಂದ ಕನಿಷ್ಠ 10 ಮೀಟರ್ ಒಳಗಿರಲಿ, ನಡುವೆ ದಟ್ಟ ಬೇಲಿ ಇದ್ದರೆ ಇನ್ನೂ ಒಳ್ಳೆಯದು. ಸೀಸ ಹಾಕಿದ ಪೆಟ್ರೋಲ್ ದೇಶದಲ್ಲಿ 2000ನೇ ಇಸವಿಗೆ ನಿಂತಿತು, ಆದರೆ ಅದಕ್ಕೂ ಮೊದಲು ರಸ್ತೆ ಬದಿಗೆ ಬಿದ್ದ ಸೀಸ ಎಲ್ಲಿಗೂ ಹೋಗಿಲ್ಲ. ಮೇಲಿನ ಕೆಲವು ಇಂಚು ಮಣ್ಣಿನಲ್ಲೇ ಇರುತ್ತದೆ. ಹಳೆಯ ಬಂಗಲೆಯ, ಲೈನ್ ಮನೆಯ ಗೋಡೆಗೆ ಒತ್ತಿಕೊಂಡು, ಹೆಂಚಿನ ನೀರು ಬೀಳುವ ಸಾಲಿನಲ್ಲಿ ಹರಿವೆ ಬಿತ್ತುವುದು ಬಹಳ ಕಡೆ ರೂಢಿ. ಆ ಜಾಗ ಬೇಡ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಪಾಲು) ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೆಯ ಬಾಗಿಲು, ಕಿಟಕಿಯ ಬಣ್ಣ ಸುಲಿದು ಬೀಳುವುದು ಗೋಡೆಯ ಬುಡಕ್ಕೇ. ಗೋಡೆಯಿಂದ ಎರಡು ಮೀಟರ್ ಬಿಟ್ಟು ಮಡಿ ಮಾಡಿ. ಹಿಂದೆ ಗ್ಯಾರೇಜು ಇದ್ದ, ಬ್ಯಾಟರಿ ಬಿಚ್ಚಿದ, ಕಸ ಸುಟ್ಟ ಜಾಗವನ್ನು ಪರೀಕ್ಷೆ ಮಾಡದೆ ಸೊಪ್ಪಿಗೆ ಬಳಸಲೇಬೇಡಿ.

ಇನ್ನು ತೋಟದೊಳಗಿನ ಜಾಗ. ಕರಿಮೆಣಸು ಬಳ್ಳಿಯ ಬುಡ ನೆರಳೂ ತೇವವೂ ಇರುವುದರಿಂದ ಅಲ್ಲಿ ಕೆಸು, ಒಂದೆಲಗ ಚೆನ್ನಾಗಿ ಬರುತ್ತದೆ. ಆದರೆ ಲೆಕ್ಕ ಹಾಕಿ. ಮೆಣಸಿಗೆ ರೋಗ ಬಾರದಂತೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, ಅದರಲ್ಲಿ ಕಾಲು ಭಾಗ ಶುದ್ಧ ತಾಮ್ರ. ಒಂದು ಬಳ್ಳಿಗೆ 5 ಲೀಟರ್ ಬಿದ್ದರೆ 12.5 ಗ್ರಾಂ ತಾಮ್ರ. ಬುಡದ ಸುತ್ತ ಒಂದು ಮೀಟರ್ ತ್ರಿಜ್ಯದ ಮಣ್ಣು, 15 ಸೆಂಟಿಮೀಟರ್ ಆಳಕ್ಕೆ, ಸುಮಾರು 630 ಕೆಜಿ. ಎಲ್ಲವೂ ಅಲ್ಲೇ ಇಳಿದರೆ ಒಂದು ಸಲಕ್ಕೆ ಕೆಜಿ ಮಣ್ಣಿಗೆ 20 ಮಿಲಿಗ್ರಾಂ ಸೇರಿದಂತಾಯಿತು. ಮುಂಗಾರಿಗೆ ಮುಂಚೆ ಒಂದು, ನಡುವೆ ಒಂದು ಎಂದು ವರ್ಷಕ್ಕೆ ಎರಡು ಸಲ, ಇಪ್ಪತ್ತು ಮೂವತ್ತು ವರ್ಷ. ತಾಮ್ರ ಸಾವಯವ ಅಂಶಕ್ಕೆ ಅಂಟಿಕೊಂಡು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ, ಕೊಡಗಿನ ಮಳೆಯೂ ಅದನ್ನು ಕೊಚ್ಚಿಕೊಂಡು ಹೋಗಲಾರದು. ಅಂಥ ಮಣ್ಣಿನಲ್ಲಿ ಪಾಲಕ್ ಹಾಕಿದರೆ ಎಲೆ ಹಳದಿಯಾಗಿ ಬೇರು ಮೊಂಡಾಗಿ ನಿಲ್ಲುತ್ತದೆ. ಬಹಳ ಜನ ಅದಕ್ಕೆ ಸಾರಜನಕ ಸಾಲದು ಎಂದು ಯೂರಿಯಾ ಹಾಕುತ್ತಾರೆ. ಯೂರಿಯಾ ಮಣ್ಣನ್ನು ಇನ್ನಷ್ಟು ಹುಳಿ ಮಾಡಿ ತೊಂದರೆ ಹೆಚ್ಚಿಸುತ್ತದೆ.

ಶುಂಠಿ ಬೆಳೆದ ಜಾಗಕ್ಕೆ ಇನ್ನೊಂದು ಎಚ್ಚರಿಕೆ. ಬಿತ್ತನೆ ಗಡ್ಡೆ ಅದ್ದಲು ಪಾದರಸದ ಶಿಲೀಂಧ್ರನಾಶಕ ಬಳಸುವ ಪದ್ಧತಿ ಇತ್ತು. ಅದನ್ನು 2018ರಲ್ಲಿ ನಿಷೇಧಿಸಲಾಯಿತು. ಹಳೆಯ ಶುಂಠಿ ಜಮೀನಿನಲ್ಲಿ ಸೊಪ್ಪು ಮಾಡುವುದಾದರೆ ಪರೀಕ್ಷೆಯ ಪಟ್ಟಿಗೆ ಪಾದರಸವನ್ನೂ ಸೇರಿಸಿ. ಔಷಧ ಕಲಸಿದ, ಗಡ್ಡೆ ಅದ್ದಿದ ಜಾಗದ ಮಣ್ಣನ್ನು ಬೇರೆಯಾಗಿಯೇ ಕೊಡಿ.

ಮಣ್ಣಿನ ಮಾದರಿ

ಮಳೆ ಬಿಟ್ಟ ಮೇಲೆ, ನವೆಂಬರ್‌ನಿಂದ ಜನವರಿಯೊಳಗೆ, ಸುಣ್ಣ ಗೊಬ್ಬರ ಹಾಕುವುದಕ್ಕೆ ಮೊದಲು ತೆಗೆಯಿರಿ. ಮಡಿಯ ಜಾಗದಲ್ಲಿ ಅಡ್ಡಾದಿಡ್ಡಿ 8ರಿಂದ 10 ಕಡೆ, ಮೇಲಿನ ಕಸ ಸರಿಸಿ, 15 ಸೆಂಟಿಮೀಟರ್ ಆಳಕ್ಕೆ ‘ವಿ’ ಆಕಾರದ ಗುಂಡಿ ತೋಡಿ ಒಂದು ಬದಿಯಿಂದ ಮೇಲಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆರೆಯಿರಿ. ಕೆರೆಯಲು ಬಿದಿರಿನ ಚಕ್ಕೆ ಅಥವಾ ಸ್ಟೀಲ್ ಸೌಟು ಸಾಕು. ಸತು ಲೇಪದ ತಗಡಿನ ಬಕೆಟ್, ಹಿತ್ತಾಳೆ ಪಾತ್ರೆ, ಬಣ್ಣ ಬಳಿದ ಸಲಿಕೆ ಬೇಡ. ಅದರ ಲೋಹವೇ ವರದಿಯಲ್ಲಿ ಕಾಣುತ್ತದೆ. ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯ ಮೇಲೆ ಕಲಸಿ, ನಾಲ್ಕು ಭಾಗ ಮಾಡಿ ಎದುರುಬದುರಿನ ಎರಡು ಭಾಗ ಬಿಸಾಡಿ, ಉಳಿದದ್ದನ್ನು ಮತ್ತೆ ಹಾಗೇ ಮಾಡುತ್ತ ಅರ್ಧ ಕೆಜಿಗೆ ಇಳಿಸಿ. ನೆರಳಲ್ಲಿ ಒಣಗಿಸಿ. ರಸ್ತೆಯ ಹತ್ತಿರದ ಜಾಗವಾದರೆ ಮೇಲಿನ 5 ಸೆಂಟಿಮೀಟರ್ ಮಣ್ಣನ್ನು ಬೇರೆ ಚೀಲದಲ್ಲಿ ಕೊಡಿ. ಸೀಸ ಇರುವುದು ಅಲ್ಲಿ. 15 ಸೆಂಟಿಮೀಟರ್ ಕಲಸಿದರೆ ಅದು ಮೂರು ಪಾಲು ತೆಳುವಾಗಿ ಕಾಣುತ್ತದೆ.

ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ರಸಸಾರ, ಸಾವಯವ ಇಂಗಾಲ, ರಂಜಕ, ಪೊಟ್ಯಾಷ್, ಮತ್ತೆ ಸತು ತಾಮ್ರದಂಥ ಲಘು ಪೋಷಕಾಂಶ ನೋಡುತ್ತಾರೆ. ಕ್ಯಾಡ್ಮಿಯಂ, ಸೀಸ ಅದರಲ್ಲಿ ಸೇರಿರುವುದಿಲ್ಲ, ಬಾಯಿಬಿಟ್ಟು ಕೇಳಬೇಕು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಸೊಪ್ಪನ್ನೇ ಪರೀಕ್ಷಿಸಬೇಕಾದರೆ ಮೈಸೂರಿನ ಸಿಎಫ್‌ಟಿಆರ್‌ಐ ಅಥವಾ ಎನ್‌ಎಬಿಎಲ್ ಮಾನ್ಯತೆ ಇರುವ ಆಹಾರ ಪ್ರಯೋಗಾಲಯ ಬೇಕು.

ವರದಿ ಬಂದಾಗ ಹೋಲಿಸಿ ನೋಡಲು ಐರೋಪ್ಯ ಒಕ್ಕೂಟ 1986ರಲ್ಲಿ ಚರಂಡಿ ಹೂಳು ಹಾಕುವ ಜಮೀನಿಗೆ ಇಟ್ಟ ಮಿತಿ ಉಪಯೋಗಕ್ಕೆ ಬರುತ್ತದೆ: ಕೆಜಿ ಮಣ್ಣಿಗೆ ಕ್ಯಾಡ್ಮಿಯಂ 1–3, ಸೀಸ 50–300, ತಾಮ್ರ 50–140, ಸತು 150–300 ಮಿಲಿಗ್ರಾಂ. ಇದನ್ನು ರಸಸಾರ 6–7 ಇರುವ ಮಣ್ಣಿಗೆಂದು ಬರೆದದ್ದು. ನಿಮ್ಮದು 5.2 ಆಗಿದ್ದರೆ ಕೆಳಗಿನ ಅಂಕಿಯನ್ನೂ ಧೈರ್ಯವಾಗಿ ನಂಬಬೇಡಿ. ಕ್ರೋಮಿಯಂ, ನಿಕಲ್ ಹೆಚ್ಚು ಕಂಡರೆ ತಕ್ಷಣ ಗಾಬರಿ ಬೇಡ. ಜಂಬಿಟ್ಟಿಗೆ ಜಾತಿಯ ಕೆಂಪು ಮಣ್ಣಿನಲ್ಲಿ ಅವು ಹುಟ್ಟಿನಿಂದಲೇ ಇರಬಹುದು, ಗಿಡಕ್ಕೆ ಸಿಗುವ ರೂಪದಲ್ಲಿ ಇರುವುದು ಅದರ ಸಣ್ಣ ಪಾಲು.

ಸುಣ್ಣ

ಇದೊಂದನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಮನೆಯಲ್ಲೇ ನೋಡಲು 10 ಗ್ರಾಂ ಒಣ ಮಣ್ಣಿಗೆ 25 ಮಿಲಿಲೀಟರ್ ಬಟ್ಟಿ ಇಳಿಸಿದ ನೀರು ಹಾಕಿ, ಆಗಾಗ ಕಲಕಿ, ಅರ್ಧ ಗಂಟೆ ಬಿಟ್ಟು ಪಿಎಚ್ ಮೀಟರ್ ಇಳಿಬಿಡಿ. ಸೊಪ್ಪಿನ ಮಡಿಗೆ 6.3ರಿಂದ 6.8 ಗುರಿ. 5.5ರ ಆಸುಪಾಸು ಇದ್ದರೆ ಚದರ ಮೀಟರ್‌ಗೆ 200–300 ಗ್ರಾಂ ಕೃಷಿ ಸುಣ್ಣದ ಪುಡಿ ಅಥವಾ ಡೋಲೋಮೈಟ್. ಮಣ್ಣಿನಲ್ಲಿ ಜೇಡಿ, ಸಾವಯವ ಅಂಶ ಹೆಚ್ಚಿದ್ದರೆ ಇಷ್ಟು ಸಾಲದು. ಆದರೂ ಒಂದೇ ಸಲಕ್ಕೆ 300 ಗ್ರಾಂ ದಾಟಬೇಡಿ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಅಳೆದು ಉಳಿದದ್ದು ಹಾಕಿ. ಅರಳಿದ ಸುಣ್ಣವಾದರೆ ಮುಕ್ಕಾಲು ಪಾಲು ಸಾಕು. ಪುಡಿ ಹಿಟ್ಟಿನಂತೆ ನುಣ್ಣಗಿರಬೇಕು. ಹರಳು ಹರಳಾದ ಸುಣ್ಣ ವರ್ಷಗಟ್ಟಲೆ ಮಣ್ಣಿನಲ್ಲಿ ಹಾಗೇ ಕೂತಿರುತ್ತದೆ.

ಮೇಲೆ ಚೆಲ್ಲಿ ಬಿಟ್ಟರೆ ಸುಣ್ಣ ಕೆಳಗಿಳಿಯುವುದಿಲ್ಲ. 15 ಸೆಂಟಿಮೀಟರ್‌ವರೆಗೆ ಅಗೆದು ಬೆರೆಸಬೇಕು, ಮಣ್ಣು ತೇವವಾಗಿರಬೇಕು, ಬಿತ್ತುವುದಕ್ಕೆ ಮೂರು ನಾಲ್ಕು ವಾರ ಮೊದಲು ಆಗಬೇಕು. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದ ಮೇಲೆ, ಇಲ್ಲವೇ ಮಳೆ ಇಳಿದ ಅಕ್ಟೋಬರ್‌ನಲ್ಲಿ ಮಾಡಿದರೆ ನೀರು ಹೊರುವ ಕೆಲಸ ತಪ್ಪುತ್ತದೆ. ಹಸಿ ಗೊಬ್ಬರ, ಯೂರಿಯಾ ಜೊತೆಗೆ ಅದೇ ದಿನ ಬೆರೆಸಬೇಡಿ. ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಸುಣ್ಣ ಮೊದಲು, ಎರಡು ಮೂರು ವಾರ ಬಿಟ್ಟು ಗೊಬ್ಬರ. ರಸಸಾರ 7 ದಾಟಿಸುವ ಹುಮ್ಮಸ್ಸು ಬೇಡ. ಕಬ್ಬಿಣ, ಸತು ಸಿಗದೆ ಎಳೆ ಎಲೆ ಬಿಳಿಚಿಕೊಳ್ಳುತ್ತದೆ, ಆರ್ಸೆನಿಕ್ ಇದ್ದ ಮಣ್ಣಿನಲ್ಲಿ ಅದು ಸಡಿಲವಾಗುತ್ತದೆ.

ಸೌದೆ ಬೂದಿಯೂ ಹುಳಿ ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಚದರ ಮೀಟರ್‌ಗೆ 100 ಗ್ರಾಂ ಸಾಕು. ಬಣ್ಣದ ಬಾಗಿಲು, ಔಷಧ ತುಂಬಿಸಿದ ಕಂಬ, ಪ್ಲಾಸ್ಟಿಕ್ ಸೇರಿ ಉರಿದ ಬೂದಿ ಆಗದು. ಆ ಕಂಬದ ಹಸಿರು ಛಾಯೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಸೇರಿದ ಲವಣದ್ದು.

ಗೊಬ್ಬರದ ಲೆಕ್ಕ

ರಾಸಾಯನಿಕ ಗೊಬ್ಬರಕ್ಕೆ ಬೈದು ಕಾಂಪೋಸ್ಟನ್ನು ಕಣ್ಣುಮುಚ್ಚಿ ಸುರಿಯುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಒಂದು ಚದರ ಮೀಟರ್ ಜಾಗದ 15 ಸೆಂಟಿಮೀಟರ್ ಮಣ್ಣು ಸುಮಾರು 200 ಕೆಜಿ. ನಗರದ ಕಸದಿಂದ ಮಾಡಿದ ಕಾಂಪೋಸ್ಟ್‌ಗೆ ನಮ್ಮ ರಸಗೊಬ್ಬರ ನಿಯಂತ್ರಣ ಆದೇಶ (ಎಫ್‌ಸಿಒ) ಇಟ್ಟಿರುವ ಮಿತಿ ಕೆಜಿಗೆ ಕ್ಯಾಡ್ಮಿಯಂ 5, ಸೀಸ 100, ತಾಮ್ರ 300, ಸತು 1000, ಆರ್ಸೆನಿಕ್ 10, ಪಾದರಸ 0.15 ಮಿಲಿಗ್ರಾಂ. ಮಿತಿಯ ಅಂಚಿನ ಕಾಂಪೋಸ್ಟನ್ನು ಚದರ ಮೀಟರ್‌ಗೆ 5 ಕೆಜಿ ಹಾಕಿದಿರಿ ಎಂದಿಟ್ಟುಕೊಳ್ಳಿ. 25 ಮಿಲಿಗ್ರಾಂ ಕ್ಯಾಡ್ಮಿಯಂ 200 ಕೆಜಿ ಮಣ್ಣಿಗೆ ಹಂಚಿದರೆ ಕೆಜಿಗೆ 0.125. ಮಾಲಿನ್ಯವಿಲ್ಲದ ಮಣ್ಣಿನಲ್ಲಿ ಸಹಜವಾಗಿ ಇರುವುದು ಬಹುಮಟ್ಟಿಗೆ 0.1ರಿಂದ 0.5. ಅಂದರೆ ನಾಲ್ಕೈದು ವರ್ಷದಲ್ಲಿ ಮಣ್ಣಿನ ಸ್ವಂತದ್ದಕ್ಕಿಂತ ನೀವು ಸೇರಿಸಿದ್ದೇ ಹೆಚ್ಚಾಗಬಹುದು.

ಇನ್ನೊಂದು ಕಡೆ ರಂಜಕದ ಗೊಬ್ಬರ. ಶಿಲಾರಂಜಕದಲ್ಲೇ ಕ್ಯಾಡ್ಮಿಯಂ ಇರುವುದರಿಂದ ಸೂಪರ್ ಫಾಸ್ಫೇಟ್, ಡಿಎಪಿ ಎಲ್ಲದರಲ್ಲೂ ಇಷ್ಟಿಷ್ಟು ಬರುತ್ತದೆ. ಐರೋಪ್ಯ ಒಕ್ಕೂಟದ ಮಿತಿ ರಂಜಕದ ಪೆಂಟಾಕ್ಸೈಡ್ (ಗೊಬ್ಬರದ ರಂಜಕವನ್ನು ಲೆಕ್ಕ ಹಾಕುವ ರೂಪ) ಒಂದು ಕೆಜಿಗೆ 60 ಮಿಲಿಗ್ರಾಂ. ಅದೇ ಮಟ್ಟದ ಗೊಬ್ಬರವನ್ನು ಹೆಕ್ಟೇರಿಗೆ 100 ಕೆಜಿ ಪೆಂಟಾಕ್ಸೈಡ್ ಸಿಗುವಷ್ಟು ಹಾಕಿದರೆ ಚದರ ಮೀಟರ್‌ಗೆ ಬೀಳುವುದು 0.6 ಮಿಲಿಗ್ರಾಂ ಕ್ಯಾಡ್ಮಿಯಂ. ಮೇಲಿನ ಕಾಂಪೋಸ್ಟಿನ 25ರ ಮುಂದೆ ಇದು ನಲವತ್ತರಲ್ಲಿ ಒಂದು ಪಾಲು. ಕಾಂಪೋಸ್ಟ್ ಕೆಟ್ಟದ್ದು ಎಂದಲ್ಲ. ಅದರ ಸಾವಯವ ಅಂಶ ಲೋಹವನ್ನು ಹಿಡಿದಿಡುತ್ತದೆ ಕೂಡ, ಚೆನ್ನಾಗಿ ವಿಂಗಡಿಸಿದ ಕಸದ್ದು ಮಿತಿಗಿಂತ ಬಹಳ ಕೆಳಗೂ ಇರಬಹುದು. ಆದರೆ ಟನ್ನುಗಟ್ಟಲೆ ಹಾಕುವ ವಸ್ತುವಿನಲ್ಲಿ ಸಣ್ಣ ಅಂಕಿಯೂ ದೊಡ್ಡದಾಗುತ್ತದೆ. ಬ್ಯಾಟರಿ, ಟ್ಯೂಬ್‌ಲೈಟ್ ಸೇರಿ ಬರುವ ಪಟ್ಟಣದ ಕಸದ ಗೊಬ್ಬರವನ್ನು ಚೀಲದ ಮೇಲಿನ ವಿಶ್ಲೇಷಣೆ ನೋಡದೆ ಸೊಪ್ಪಿಗೆ ಕೊಳ್ಳಬೇಡಿ. ಅದನ್ನು ಕಾಫಿ ಗಿಡಕ್ಕೋ ಹೂವಿನ ಗಿಡಕ್ಕೋ ಹಾಕಿ.

ಮನೆಯ ಹಸುವಿನ ಕೊಟ್ಟಿಗೆ ಗೊಬ್ಬರ ಎಲ್ಲಕ್ಕಿಂತ ನಿಶ್ಚಿಂತೆ. ಚದರ ಮೀಟರ್‌ಗೆ 2 ಕೆಜಿ, ಚೆನ್ನಾಗಿ ಕಳಿತದ್ದು. ಹಂದಿ ಸಾಕುವ ಮನೆಗಳು ಗಮನಿಸಬೇಕಾದ್ದು ಒಂದಿದೆ. ಮನೆಯ ಮುಸುರೆ, ಕೆಸು, ತವುಡು ತಿಂದ ಹಂದಿಯ ಗೊಬ್ಬರ ಬೇರೆ, ತಾಮ್ರ ಸತು ಬೆರೆಸಿದ ಸಿದ್ಧ ಆಹಾರ ತಿಂದ ಹಂದಿಯ ಗೊಬ್ಬರ ಬೇರೆ. ಎರಡನೆಯದರಲ್ಲಿ ತಿನ್ನಿಸಿದ ತಾಮ್ರ, ಸತುವಿನ ಹೆಚ್ಚಿನ ಪಾಲು ಹಾಗೇ ಹೊರಬರುತ್ತದೆ. ಕೋಳಿ ಗೊಬ್ಬರದ ಕತೆಯೂ ಅದೇ. ವರ್ಷ ಬಿಟ್ಟು ವರ್ಷ, ಚದರ ಮೀಟರ್‌ಗೆ ಅರ್ಧ ಕೆಜಿ ಮೀರದಂತೆ ಹಾಕಿ. ಕಾಫಿ ಸಿಪ್ಪೆಯ ಕಾಂಪೋಸ್ಟ್ ಆಗಬಹುದು, ಅದಕ್ಕೂ ಸುಣ್ಣ ಸೇರಿಸಿ ಆರು ತಿಂಗಳು ಕಳಿಯಲು ಬಿಡಿ.

ಪೊಟ್ಯಾಷ್‌ಗೆ ತೋಟದಿಂದ ಉಳಿದ ಎಂಒಪಿಯನ್ನೇ (ಪೊಟ್ಯಾಷ್‌ನ ಕ್ಲೋರೈಡ್) ಸೊಪ್ಪಿಗೂ ಹಾಕುವುದುಂಟು. ಅದರ ಕ್ಲೋರೈಡ್ ಮಣ್ಣಿನ ಕ್ಯಾಡ್ಮಿಯಂ ಜೊತೆ ಕೂಡಿ ಅದನ್ನು ಸಡಿಲ ಮಾಡಿ ಬೇರಿಗೆ ತಲುಪಿಸುತ್ತದೆ. ಸಲ್ಫೇಟ್ ರೂಪದ ಎಸ್‌ಒಪಿ ಅಥವಾ ಬೂದಿ ಬಳಸಿ. ಪರೀಕ್ಷೆಯಲ್ಲಿ ಸತು ಕೊರತೆ ಕಂಡರೆ ಮಾತ್ರ ಚದರ ಮೀಟರ್‌ಗೆ 2.5 ಗ್ರಾಂ ಸತುವಿನ ಸಲ್ಫೇಟ್ ಕೊಡಿ. ಸತು ಸಾಕಷ್ಟಿದ್ದ ಗಿಡ ಕ್ಯಾಡ್ಮಿಯಂ ಕಡಿಮೆ ಹೀರುತ್ತದೆ. ಆದರೆ ಇವೆರಡೂ ಒಂದೇ ಅದಿರಿನಲ್ಲಿ ಸಿಗುವ ಲೋಹಗಳು. ಕಲಬೆರಕೆಯ ಅಗ್ಗದ ಸತುವಿನ ಸಲ್ಫೇಟಿನಲ್ಲಿ ಕ್ಯಾಡ್ಮಿಯಂ ಇರುವ ಅಪಾಯ ಉಂಟು. ಐಎಸ್‌ಐ ಅಥವಾ ಎಫ್‌ಸಿಒ ಗುರುತು ನೋಡಿ ತನ್ನಿ.

ಬೆಳೆಯುವ ಬಗೆಗೊಂದು ಕ್ರಮ

ನೆಲದ ಮಡಿಯಲ್ಲಿ ಮುಖ್ಯ ಕೆಲಸ ಮಣ್ಣು ಸಿಡಿಯದಂತೆ ನೋಡುವುದು. ಮಡಿಕೇರಿ ಕಡೆಯ ಜೂನ್–ಜುಲೈ ಮಳೆಗೆ ಹರಿವೆಯ ಕೆಳಗಿನ ಎಲೆಗಳೆಲ್ಲ ಕೆಂಪಾಗುತ್ತವೆ. 5 ಸೆಂಟಿಮೀಟರ್ ದಪ್ಪಕ್ಕೆ ಭತ್ತದ ಹುಲ್ಲು ಅಥವಾ ಒಣಗಿದ ಸಿಲ್ವರ್ ಓಕ್ ಎಲೆ ಹಾಸಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಮಳೆ ಚಪ್ಪರ ಕಟ್ಟಿ. ಕುಶಾಲನಗರದ ಒಣ ಹವೆಯಲ್ಲಿ ಚಪ್ಪರ ಬೇಕಿಲ್ಲ, ಬೇಸಿಗೆಯ ದೂಳಿಗೆ ಬೇಲಿ ಬೇಕು.

ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಸೊಪ್ಪು ಹಾಕುವವರಿಗೆ ಒಂದು ಸೂಕ್ಷ್ಮ. ನೀರು ನಿಂತಿದ್ದಷ್ಟು ಕಾಲ ಕ್ಯಾಡ್ಮಿಯಂ ಗಂಧಕದ ಜೊತೆ ಸೇರಿ ಕರಗದೆ ಇರುತ್ತದೆ. ನೀರು ಬಸಿದು ಮಣ್ಣು ಬಿರುಕು ಬಿಟ್ಟು ಗಾಳಿ ಆಡಿದ ಕೂಡಲೇ ಆ ಬಂಧ ಒಡೆಯುತ್ತದೆ, ಮಣ್ಣೂ ಹುಳಿಯಾಗುತ್ತದೆ. ಭತ್ತಕ್ಕೆ ತೊಂದರೆ ಕೊಡದ ಅದೇ ಗದ್ದೆ ಜನವರಿಯ ಪಾಲಕ್‌ಗೆ ತೊಂದರೆ ಕೊಡಬಹುದು. ಆದ್ದರಿಂದ ಗದ್ದೆಯ ರಸಸಾರವನ್ನು ನೀರಿದ್ದಾಗ ಅಳೆಯಬೇಡಿ, ಒಣಗಿದ ಮೇಲೆ ಅಳೆದು ಸುಣ್ಣ ಹಾಕಿ.

ನೆಲದ ಮಣ್ಣೇ ಸರಿಯಿಲ್ಲವೆಂದಾದರೆ ಏರುಮಡಿ. 3 ಮೀಟರ್ ಉದ್ದ, 1.2 ಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರ. ಇಷ್ಟಕ್ಕೆ ಸುಮಾರು 1,080 ಲೀಟರ್ ಮಿಶ್ರಣ, 18 ಲೀಟರಿನ ಬಾಂಡ್ಲಿಯಲ್ಲಿ 60 ಬಾಂಡ್ಲಿ. ಎರಡು ಪಾಲು ಔಷಧ ಹೊಡೆಯದ ಜಾಗದ ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಅಥವಾ ತೊಳೆದ ತೆಂಗಿನ ನಾರಿನ ಪುಡಿ. ಗುಡ್ಡ ಕಡಿದ ಕೆಳಮಣ್ಣಿನಲ್ಲಿ ಔಷಧದ ಅಂಶ ಇರುವುದಿಲ್ಲ, ಆದರೆ ಅದು ಹುಳಿ ಮತ್ತು ಬಡ. ಗೊಬ್ಬರದ ಪಾಲು ಒಂದೂವರೆ ಮಾಡಿ. ಅಂಚಿಗೆ ಜಂಬಿಟ್ಟಿಗೆ, ಬಿದಿರು, ಅಡಿಕೆ ದಬ್ಬೆ ಆಗುತ್ತದೆ. ಹಳೇ ಟೈರು ಬೇಡ, ಅದರ ರಬ್ಬರಿನಲ್ಲಿ ಸತು ಇದೆ. ಹಳೆಯ ಬಣ್ಣದ ಹಲಗೆಯೂ ಬೇಡ. ತಳಕ್ಕೆ ನೀರು ಇಳಿಯುವ ನೇಯ್ದ ಪ್ಲಾಸ್ಟಿಕ್ ಬಟ್ಟೆ ಹಾಸಿದರೆ ಎರೆಹುಳು ಕೆಳಗಿನ ಮಣ್ಣನ್ನು ಮೇಲೆ ತರುವುದು ನಿಲ್ಲುತ್ತದೆ.

ಗ್ರೋ ಬ್ಯಾಗ್‌ನಲ್ಲಿ ನಾರಿನ ಪುಡಿ ಮಾತ್ರ ತುಂಬಿದರೆ ಲೋಹ ಹಿಡಿದಿಡಲು ಜೇಡಿ ಇರುವುದಿಲ್ಲ. ನೀರಿನಲ್ಲಿ, ಗೊಬ್ಬರದಲ್ಲಿ ಬಂದದ್ದು ನೇರ ಬೇರಿಗೆ. ಮೂರರಲ್ಲೊಂದು ಪಾಲು ಒಳ್ಳೆಯ ಮಣ್ಣು ಬೆರೆಸಿ. ತಗಡಿನ ಮಾಡಿನಿಂದ ಹಿಡಿದ ಮಳೆನೀರು ಹುಳಿ ಸ್ವಭಾವದ್ದು, ಸತು ಕರಗಿಸಿಕೊಂಡು ಬರುತ್ತದೆ. ಮಳೆಗಾಲದ ಮೊದಲ ಕೆಲವು ಮಳೆಯ ನೀರನ್ನು ಡ್ರಮ್ಮಿಗೆ ಬಿಡಬೇಡಿ.

ಹೈಡ್ರೋಪೋನಿಕ್ಸ್: ನೀರಿನ ವರದಿ ಇಲ್ಲದೆ ಬೇಡ

ಇಲ್ಲಿ ರಸ್ತೆ ಮಣ್ಣಿಲ್ಲ, ಸಿಡಿಯುವುದಿಲ್ಲ, ಹಾಗಾಗಿ ಸೀಸ ಕಡಿಮೆ ಎನ್ನುವುದು ನಿಜ. ಕ್ಯಾಡ್ಮಿಯಂ ಲೆಕ್ಕ ಬೇರೆ. ಒಂದು ಕೆಜಿ ಲೆಟ್ಯೂಸ್ ಬೆಳೆಯಲು ಸುಮಾರು 20 ಲೀಟರ್ ನೀರು ಬೇಕು. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಕ್ಯಾಡ್ಮಿಯಂ ಮಿತಿ ಲೀಟರಿಗೆ 0.003 ಮಿಲಿಗ್ರಾಂ. ಅಷ್ಟೂ ಗಿಡಕ್ಕೆ ಹೋದರೂ 0.06, ಮಿತಿಯೊಳಗೆ. ನೀರಾವರಿ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ (ಎಫ್‌ಎಒ) ಹೇಳುವ ಮಿತಿ 0.01. ಇಪ್ಪತ್ತು ಪಟ್ಟು ಮಾಡಿದರೆ 0.2, ಕೋಡೆಕ್ಸ್ ಮಿತಿಯ ಅಂಚಿಗೇ ಬಂತು. ಮಣ್ಣಿನ ಬೆಳೆಗೆ ಒಪ್ಪುವ ನೀರು ಇಲ್ಲಿ ಒಪ್ಪದು. ಬೋರ್‌ವೆಲ್ ನೀರು ಕುಡಿಯುವ ಮಟ್ಟದ್ದೆಂದು ವರದಿ ಇರಲಿ. ಇಸಿ ಮೀಟರ್, ಟಿಡಿಎಸ್ ಮೀಟರ್ ಸರಿ ತೋರಿಸಿತೆಂದು ನೆಮ್ಮದಿ ಪಡಬೇಡಿ. ಅವು ಒಟ್ಟು ಲವಣ ತೋರಿಸುತ್ತವೆ. ಸಾವಿರ ಪಿಪಿಎಂ ಗೊಬ್ಬರದ ನಡುವೆ 0.01 ಪಿಪಿಎಂ ಕ್ಯಾಡ್ಮಿಯಂ ಅವುಗಳಿಗೆ ಕಾಣುವುದೇ ಇಲ್ಲ.

ದ್ರಾವಣದ ಪಿಎಚ್ 5.8–6.2 ಇಡುತ್ತೀರಿ, ಜೊತೆಗೆ ಕಬ್ಬಿಣವನ್ನು ಕರಗಿಸಿ ಹಿಡಿದಿಡುವ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಎರಡೂ ಲೋಹವನ್ನು ಕರಗಿಸುವ ಗುಣದವು. ಹಿತ್ತಾಳೆ ನಲ್ಲಿ, ತಾಮ್ರದ ಕೊಂಡಿ, ಸತು ಲೇಪದ ಪೈಪು ಈ ದ್ರಾವಣ ಹರಿಯುವ ದಾರಿಯಲ್ಲಿ ಎಲ್ಲೂ ಇರಬಾರದು, ಪ್ಲಾಸ್ಟಿಕ್ ಅಥವಾ 316 ದರ್ಜೆಯ ಸ್ಟೀಲ್ ಮಾತ್ರ. ಪಿವಿಸಿ ಪೈಪಿನಲ್ಲಿ ಸೀಸದ ಸ್ಟೆಬಿಲೈಸರ್ ಬಳಸುವುದನ್ನು ತೆಗೆದುಹಾಕಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ಗುಜರಿಯ ಹಳೇ ಪಿವಿಸಿಯಲ್ಲಿ ಚಾನೆಲ್ ಮಾಡುವ ಉಳಿತಾಯ ಬೇಡ. ಸೀಸರಹಿತ ಎಂದು ಬರೆದದ್ದನ್ನೋ ಆಹಾರ ದರ್ಜೆಯ ಚಾನೆಲನ್ನೋ ತನ್ನಿ. ಆಮ್ಲ ಹಾಕಲು ಆಹಾರ ದರ್ಜೆಯ ಫಾಸ್ಫಾರಿಕ್ ಆಮ್ಲವೇ ಆಗಲಿ. ನೀರು ಇಂಗಿದಂತೆ ತುಂಬಿಸುತ್ತಲೇ ಹೋದರೆ ಗಿಡ ಬಿಟ್ಟದ್ದೆಲ್ಲ ತೊಟ್ಟಿಯಲ್ಲಿ ಕೂಡುತ್ತದೆ. ಎರಡು ವಾರಕ್ಕೊಮ್ಮೆ ಪೂರ್ತಿ ಬದಲಿಸಿ, ಹಳೆಯದನ್ನು ತೋಡಿಗೆ ಬಿಡದೆ ಕಾಫಿ ಗಿಡಗಳಿಗೆ ಹಂಚಿ.

ಯಾವ ಸೊಪ್ಪು, ಹೇಗೆ ಕೊಯ್ಯುವುದು

ಪಾಲಕ್, ಹರಿವೆ, ಲೆಟ್ಯೂಸ್, ಸಾಸಿವೆ ಸೊಪ್ಪು ಕ್ಯಾಡ್ಮಿಯಂ ಹೆಚ್ಚು ಹೀರುವ ಗುಂಪು. ಅನುಮಾನದ ಮಣ್ಣಿನಲ್ಲಿ ಬೀನ್ಸ್, ಸೌತೆ, ಕುಂಬಳ ಬೆಳೆಯಿರಿ. ಕಾಯಿಗೆ ತಲುಪುವುದು ಎಲೆಗಿಂತ ಬಹಳ ಕಡಿಮೆ. ನುಗ್ಗೆ ಎತ್ತರದಲ್ಲಿರುವುದರಿಂದ ಮಣ್ಣು ಸಿಡಿಯುವ ಚಿಂತೆ ಇಲ್ಲ.

ಕಾಡು ಸೊಪ್ಪಿನ ವಿಷಯ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ತಿನ್ನುವ ಮದ್ದು ಸೊಪ್ಪಾಗಲಿ, ಪತ್ರೊಡೆಯ ಕೆಸುವಾಗಲಿ ಕೊಯ್ಯುವ ಹೊತ್ತಿಗೆ ಮೆಣಸಿಗೆ ಬೋರ್ಡೋ ಹೊಡೆಯುವ ಕಾಲವೂ ಆಗಿರುತ್ತದೆ. ಮಳೆಗೂ ಜಾರದಂತೆ ಅಂಟಲೆಂದೇ ಮಾಡಿದ ಔಷಧ ಅದು, ಸಿಂಕಿನಲ್ಲಿ ತೊಳೆದರೆ ಪೂರ್ತಿ ಹೋಗುವುದಿಲ್ಲ. ಎಲೆಯ ಮೇಲೆ ತಿಳಿ ನೀಲಿ ಕಲೆ ಕಂಡರೆ ಬಿಟ್ಟುಬಿಡಿ. ತೆರ್ಮೆ ಸೊಪ್ಪು ಕೀಳುವವರು ಗುರುತಿರುವ ಜರಿಯನ್ನೇ ಕೀಳಿ. ಹಳೆ ಗೋಡೆ, ಸುಣ್ಣದ ಗಾರೆಯ ಸಂದಿಯಲ್ಲಿ ಬೆಳೆಯುವ ಟೆರಿಸ್ ವಿಟ್ಟಾಟ ಎಂಬ ಬೇರೊಂದು ಜರಿ ಮಣ್ಣಿನ ಆರ್ಸೆನಿಕ್ ಅನ್ನು ಎಲೆಗೆ ಎಳೆದು ಕೂಡಿಡುತ್ತದೆಂದು 2001ರಲ್ಲಿ ಗೊತ್ತಾಯಿತು.

ಹರಿವೆಯನ್ನು ಬೇರುಸಹಿತ ಕಿತ್ತು ಕಟ್ಟು ಕಟ್ಟಿದರೆ ಬೇರಿನ ಮಣ್ಣು ಪಕ್ಕದ ಕಟ್ಟಿನ ಎಲೆಗೆ ಮೆತ್ತುತ್ತದೆ. ನೆಲದಿಂದ 5 ಸೆಂಟಿಮೀಟರ್ ಮೇಲೆ ಕತ್ತರಿಸಿ, ಮಣ್ಣು ತಾಗಿದ ಕೆಳಗಿನ ಎರಡು ಮೂರು ಎಲೆ ಅಲ್ಲೇ ತೆಗೆದುಹಾಕಿ. ರಸ್ತೆ ಬದಿಯ ಚರಂಡಿಯಲ್ಲಿ ಕಟ್ಟು ತೊಳೆದು ಸಂತೆಗೆ ಒಯ್ಯುವ ಅಭ್ಯಾಸ ಮಾಡಿದ್ದೆಲ್ಲ ಹಾಳು ಮಾಡುತ್ತದೆ. ಮನೆಯಲ್ಲಿ ಎಲೆ ಬಿಡಿಸಿದ ಮೇಲೆ ಅಗಲ ಪಾತ್ರೆಯಲ್ಲಿ ಮುಳುಗಿಸಿ ಕಲಕಿ, ಎರಡು ನಿಮಿಷ ಬಿಟ್ಟು ಎಲೆಯನ್ನು ಮೇಲಿನಿಂದ ಎತ್ತಿ. ನೀರನ್ನು ಎಲೆಯ ಮೇಲೆಯೇ ಬಗ್ಗಿಸಿದರೆ ತಳದ ಮಣ್ಣು ವಾಪಸ್ ಬರುತ್ತದೆ. ತಳದಲ್ಲಿ ಮರಳು ಕಾಣದವರೆಗೆ ಮೂರು ಸಲವಾದರೂ ಮಾಡಿ. ಹುಳಿ ಹಾಕಿದ ಸೊಪ್ಪಿನ ಸಾರನ್ನು ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಮಾಡಬೇಡಿ. ಕಲಾಯಿ ಹಾಕಿಸುವಾಗ ತವರಕ್ಕೆ ಸೀಸ ಬೆರೆಸಿಲ್ಲ ಎಂಬುದನ್ನೂ ಕೇಳಿ.

ಸೊಪ್ಪಿನ ಪರೀಕ್ಷೆ ಮತ್ತು ಆಮೇಲೆ

ಒಂದೇ ಮಡಿಯ ಒಂದು ಕೆಜಿ ಸೊಪ್ಪನ್ನು ಎರಡು ಪಾಲು ಮಾಡಿ, ಒಂದನ್ನು ಅಡಿಗೆಗೆ ತೊಳೆದಂತೆ ತೊಳೆದು, ಇನ್ನೊಂದನ್ನು ಹಾಗೇ ಕೊಡಿ. ತೊಳೆದದ್ದರಲ್ಲಿ ಸೀಸ ಅರ್ಧಕ್ಕಿಂತ ಕೆಳಗಿಳಿದರೆ ತೊಂದರೆ ದೂಳಿನದ್ದು. ಹೊದಿಕೆ, ಬೇಲಿ, ಚಪ್ಪರದಿಂದ ಸರಿಹೋಗುತ್ತದೆ. ಕ್ಯಾಡ್ಮಿಯಂ ಎರಡರಲ್ಲೂ ಒಂದೇ ಇದ್ದರೆ ಅದು ಬೇರಿನಿಂದ ಬಂದದ್ದು. ಸುಣ್ಣ, ಗೊಬ್ಬರದ ಕಡೆ ನೋಡಿ.

ವರದಿಯಲ್ಲಿ ಅಂಕಿ ಹಸಿ ತೂಕಕ್ಕೋ ಒಣ ತೂಕಕ್ಕೋ ಎಂದು ಮೊದಲು ನೋಡಿ. ಹೆಚ್ಚಿನ ಗಾಬರಿ ಹುಟ್ಟುವುದು ಇಲ್ಲೇ. ಸೊಪ್ಪಿನಲ್ಲಿ ಶೇಕಡ 90ರಷ್ಟು ನೀರು. ಒಣ ತೂಕದಲ್ಲಿ ಕ್ಯಾಡ್ಮಿಯಂ 1.5 ಎಂದಿದ್ದರೆ ಹಸಿ ತೂಕದಲ್ಲಿ 0.15, ಮಿತಿಯೊಳಗೆ. ಒಣ ತೂಕದ ಅಂಕಿಯನ್ನು ಹಸಿ ಮಿತಿಗೆ ಹೋಲಿಸಿ ಮಡಿಯನ್ನೇ ಅಗೆದು ಬಿಸಾಡಬೇಡಿ. ತೇವಾಂಶದ ಅಂಕಿಯನ್ನೂ ಬರೆದುಕೊಡಲು ಕೇಳಿ.

ಮಿತಿ ಮೀರಿದ್ದರೆ ಆ ಮಡಿಯ ಸೊಪ್ಪನ್ನು ತಿನ್ನುವುದು, ಮಾರುವುದು ನಿಲ್ಲಿಸಿ. ದನಕ್ಕೂ ಹಾಕಬೇಡಿ, ಕಾಂಪೋಸ್ಟ್ ಗುಂಡಿಗೂ ಹಾಕಬೇಡಿ. ಅದೇ ಲೋಹ ಸುತ್ತಿ ಮಡಿಗೇ ಬರುತ್ತದೆ. ಸುಣ್ಣ ಕೊಟ್ಟು, ಒಂದು ಹಂಗಾಮು ಬೀನ್ಸ್ ಅಥವಾ ಹೂವು ಬೆಳೆದು, ರಸಸಾರ 6.5 ಮುಟ್ಟಿದ ಮೇಲೆ ಒಂದು ಸಣ್ಣ ಪಟ್ಟಿಯಲ್ಲಿ ಪಾಲಕ್ ಬಿತ್ತಿ ಮತ್ತೆ ಪರೀಕ್ಷಿಸಿ. ಪಾಲಕ್ ಮಿತಿಯೊಳಗೆ ಬಂದರೆ ಕಡಿಮೆ ಹೀರುವ ಸೊಪ್ಪುಗಳನ್ನು ಧೈರ್ಯವಾಗಿ ಹಾಕಬಹುದು. ಬರದಿದ್ದರೆ ಅದರ ಮೇಲೆಯೇ ಏರುಮಡಿ ಕಟ್ಟಿ. ಕೊಡಗಿನ ಮಳೆಗೆ ಸುಣ್ಣ ಮತ್ತೆ ತೊಳೆದುಹೋಗುವುದರಿಂದ ರಸಸಾರವನ್ನು ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಅಳೆಯಿರಿ. ಗೊಬ್ಬರದ ಮೂಲ ಬದಲಾಗದಿದ್ದರೆ ಲೋಹದ ಪರೀಕ್ಷೆ ಮೂರು ನಾಲ್ಕು ವರ್ಷಕ್ಕೊಮ್ಮೆ ಸಾಕು.